ಚಿತ್ರವು ಶಾಸನವಾದ ಬಗೆ

ಮಧ್ಯಯುಗದ ಕ್ರೈಸ್ತ ದೇವಾಲಯಗಳ ಚಿತ್ರಕಲೆಯನ್ನು ಕುರಿತು ಬರೆಯುವವರು ಒಂದು ವಿಚಾರವನ್ನು ತಪ್ಪದೆ ಎತ್ತುತ್ತಾರೆ. ಓದುಬಲ್ಲವರಿಗೆ ಗ್ರಂಥ ಹೇಗೋ ಓದುಬಾರದವರಿಗೆ ಚಿತ್ರ ಹಾಗೆ ಎಂಬುದೇ ಅದು. ಇದರ ಮೂಲ ಆರನೆಯ ಶತಮಾನದ ಕೊನೆಯಲ್ಲಿದೆ. ಇಂದಿನ ಫ್ರಾನ್ಸಿನ ದಕ್ಷಿಣತೀರದ ಮಾರ್ಸೆ ಪಟ್ಟಣದಲ್ಲಿ ಸೆರೆನಸ್ ಎಂಬ ಬಿಷಪ್ ಇದ್ದನು. ಜನರು ಚಿತ್ರಗಳನ್ನೇ ಪೂಜಿಸತೊಡಗಿದರೆಂದು ಕೆರಳಿ ಆತನು ತನ್ನ ದೇವಾಲಯಗಳ ಚಿತ್ರಗಳನ್ನು ಒಡೆಸಿಹಾಕಿದನು. ಸುದ್ದಿ ರೋಮಿಗೆ ಮುಟ್ಟಿತು. ಪೋಪ್ ಮೊದಲನೆಯ ಗ್ರೆಗರಿ 599ರಲ್ಲಿ ಒಮ್ಮೆ, 600ರಲ್ಲಿ ಮತ್ತೊಮ್ಮೆ ಆತನಿಗೆ ಪತ್ರ ಬರೆದನು. ಆ ಪತ್ರಗಳ ತಾತ್ಪರ್ಯ ಇಷ್ಟು: ಚಿತ್ರದ ಪೂಜೆಯನ್ನು ತಡೆದದ್ದು ಸರಿ, ಚಿತ್ರವನ್ನು ಒಡೆದದ್ದು ಸರಿಯಲ್ಲ, ಅಕ್ಷರವರಿಯದವರು ಗ್ರಂಥದಲ್ಲಿ ಓದಲಾರದುದನ್ನು ಗೋಡೆಯನ್ನು ನೋಡಿಯಾದರೂ ತಿಳಿಯಲಿ. ಮುಂದೆ ಅನೇಕ ಶತಮಾನಗಳ ಕಾಲ ಪಶ್ಚಿಮದ ಚರ್ಚು ತನ್ನ ಚಿತ್ರಗಳಿಗೆ ನೀಡಿದ ಸಮರ್ಥನೆ ಬಹುಮಟ್ಟಿಗೆ ಈ ಎರಡು ಪತ್ರಗಳ ವಿಸ್ತರಣವೇ ಆಗಿದೆ.

ಈ ಸಮರ್ಥನೆ ಸುಳ್ಳೆನ್ನುವಂತಿಲ್ಲ. ಹಳ್ಳಿಯ ದೇವಾಲಯದ ಬಾಗಿಲಲ್ಲಿ ನಿಂತು ಅಂತಿಮ ತೀರ್ಪಿನ ಚಿತ್ರವನ್ನು ನೋಡಿ ನಡುಗಿದ ರೈತನಿಗೆ ಅದು ನಿಜವಾಗಿಯೂ ಗ್ರಂಥವೇ ಆಗಿದ್ದಿತು. ಆದರೆ ರಾಜರ ಮತ್ತು ಪೋಪರ ಅಧಿಕಾರವನ್ನು ಸ್ಥಾಪಿಸಲೆಂದೇ ಹುಟ್ಟಿದ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಅವು ನಿರಕ್ಷರರ ಕಣ್ಣಿಗಾಗಿ ರಚಿತವಾದವುಗಳೇ ಅಲ್ಲವೆಂಬುದು ಗೋಚರವಾಗುತ್ತದೆ. ಅವು ಇದ್ದುದು ಬಲಿಪೀಠದ ಪಾರ್ಶ್ವದಲ್ಲಿ, ಪೋಪರ ಅರಮನೆಯ ಒಳಗೆ, ಕಾರ್ಡಿನಲ್ ಒಬ್ಬನ ವಾಸಸ್ಥಾನಕ್ಕೆ ಸೇರಿದ ಪ್ರಾರ್ಥನಾಗೃಹದಲ್ಲಿ. ಅವುಗಳ ಜೊತೆಗೆ ಲ್ಯಾಟಿನ್ ಪದ್ಯವೋ ಗ್ರೀಕ್ ಅಕ್ಷರಗಳೋ ಇರುತ್ತಿದ್ದವು. ಓದುಬಾರದವನಿಗೆ ಇವುಗಳಿಂದ ಏನು ಪ್ರಯೋಜನ? ಇವುಗಳ ಉದ್ದಿಷ್ಟ ವಾಚಕರು ಚೆನ್ನಾಗಿ ಓದುಬಲ್ಲವರು. ಅಷ್ಟೇ ಅಲ್ಲ, ಅಧಿಕಾರದ ವ್ಯಾಜ್ಯದಲ್ಲಿ ಎದುರುಪಕ್ಷದವರು. ಕನ್ನಡದಲ್ಲಿ 'ಶಾಸನ' ಎಂಬ ಒಂದೇ ಶಬ್ದ ಕಲ್ಲಿನ ಮೇಲಿನ ಬರಹಕ್ಕೂ ರಾಜಾಜ್ಞೆಗೂ ಸಲ್ಲುತ್ತದೆ. ಈ ಚಿತ್ರಗಳನ್ನು 'ಬಡವರ ಗ್ರಂಥ' ಎನ್ನುವುದಕ್ಕಿಂತ ಆ ಎರಡೂ ಅರ್ಥಗಳಲ್ಲಿ ಶಾಸನಗಳೆನ್ನುವುದೇ ಹೆಚ್ಚು ಸಮರ್ಪಕ.

ಇಟಲಿಯ ಪೂರ್ವತೀರದ ರಾವೆನ್ನಾ ನಗರದ ಸಂತ ವಿಟಾಲೆ ದೇವಾಲಯವನ್ನು ಮೊದಲು ನೋಡಬಹುದು. ಪೂರ್ವ ರೋಮನ್ ಚಕ್ರವರ್ತಿ ಜಸ್ಟಿನಿಯನ್ನನ ಸೈನ್ಯ 540ರಲ್ಲಿ ಈ ನಗರವನ್ನು ಗಾಥರಿಂದ ಗೆದ್ದಿತು. 547ರಲ್ಲಿ ದೇವಾಲಯದ ಪ್ರತಿಷ್ಠೆಯಾಯಿತು. ಬಲಿಪೀಠದ ಒಂದು ಬದಿಯಲ್ಲಿ ಜಸ್ಟಿನಿಯನ್, ಎದುರು ಬದಿಯಲ್ಲಿ ರಾಣಿ ಥಿಯೋಡೊರಾ. ಬಣ್ಣದ ಗಾಜು ಮತ್ತು ಕಲ್ಲಿನ ಹರಳುಗಳನ್ನು ಗೋಡೆಗೆ ಒತ್ತಿ ರಚಿಸಿದ ಮೊಸಾಯಿಕ್ ಚಿತ್ರಗಳಿವು. ದೊರೆಯ ಕೈಯಲ್ಲಿ ಪ್ರಸಾದದ ರೊಟ್ಟಿಯನ್ನಿಡುವ ಚಿನ್ನದ ತಟ್ಟೆ, ರಾಣಿಯ ಕೈಯಲ್ಲಿ ದ್ರಾಕ್ಷಾರಸದ ಪಾತ್ರೆ, ಇಬ್ಬರ ತಲೆಯ ಹಿಂದೆಯೂ ಪ್ರಭಾವಳಿ. ಜಸ್ಟಿನಿಯನ್ ರಾವೆನ್ನಾಕ್ಕೆ ಎಂದೂ ಬಂದವನಲ್ಲ. ಬಾರದ ಅರಸನು ಅಲ್ಲಿ ನಡೆಯುವ ಪ್ರತಿಯೊಂದು ಪೂಜೆಯಲ್ಲೂ ನೈವೇದ್ಯ ಹಿಡಿದು ನಿಂತಿದ್ದಾನೆ. ಪರಿವಾರದಲ್ಲಿ ಹೆಸರು ಬರೆಸಿಕೊಂಡವನು ಒಬ್ಬನೇ, ಬಿಷಪ್ ಮ್ಯಾಕ್ಸಿಮಿಯನ್. ಊರವರು ಒಪ್ಪದಿದ್ದಾಗ ಚಕ್ರವರ್ತಿಯ ಬಲದಿಂದಲೇ ಪೀಠವನ್ನೇರಿದ ಈತನಿಗೆ ತನ್ನ ಹೆಸರು ದೊರೆಯ ಮಗ್ಗುಲಲ್ಲೇ ಇರುವುದು ಎಷ್ಟು ಅವಶ್ಯವಾಗಿತ್ತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅದೇ ಊರಿನ ಇನ್ನೊಂದು ದೇವಾಲಯ, ಇಂದು ಸಂತ ಅಪೊಲಿನಾರೆ ನೂವೊ ಎಂಬ ಹೆಸರಿನದು, ಗಾಥರ ಅರಸು ಥಿಯೊಡೊರಿಕ್ ಕಟ್ಟಿಸಿದ್ದು. ಆತನ ಅರಮನೆಯ ಚಿತ್ರ ಅಲ್ಲಿ ಇನ್ನೂ ಇದೆ. ಕಮಾನುಗಳ ನಡುವೆ ಒಂದು ಕಾಲಕ್ಕೆ ಮನುಷ್ಯರು ನಿಂತಿದ್ದರು. ಹೊಸ ಆಳ್ವಿಕೆಯಲ್ಲಿ ಅವರನ್ನು ಕಿತ್ತು ಆ ಜಾಗದಲ್ಲಿ ಬಿಳಿಯ ಪರದೆಗಳನ್ನು ಜೋಡಿಸಿದರು. ಕಂಬಗಳ ಮೇಲೆ ಚಾಚಿದ್ದ ಕೆಲವು ಕೈಗಳನ್ನು ಮಾತ್ರ ಬಿಟ್ಟರು. ಮುಖವಿಲ್ಲದ ಆ ಕೈಗಳು ಇಂದಿಗೂ ಕಂಬಗಳನ್ನು ತಬ್ಬಿಕೊಂಡಿವೆ. ಗೋಡೆಯ ಮೇಲೆ ಒಬ್ಬನ ಚಿತ್ರವಿರುವುದು ಅವನ ಹಕ್ಕಿಗೆ ಸಾಕ್ಷಿ ಎಂಬ ನಂಬಿಕೆ ಇಲ್ಲದಿದ್ದರೆ ಅದನ್ನು ಕೀಳುವ ಶ್ರಮವನ್ನು ಯಾರು ವಹಿಸುತ್ತಿದ್ದರು!

ಚರ್ಚಿನ ಒಳಗಿನಿಂದಲೇ ಈ ಕಲಾವೈಭವಕ್ಕೆ ಆಕ್ಷೇಪಣೆ ಬಂದದ್ದುಂಟು. ಹನ್ನೆರಡನೆಯ ಶತಮಾನದ ಮಹಾ ವಿರಕ್ತ, ಕ್ಲೇರ್ವೋ ಮಠದ ಬರ್ನಾರ್ಡ್, ಸುಮಾರು 1125ರಲ್ಲಿ ಬರೆದ ತನ್ನ 'ಅಪೊಲೊಗಿಯಾ' ಎಂಬ ಕೃತಿಯಲ್ಲಿ ಮಠಗಳ ಆಡಂಬರವನ್ನು ಉಗ್ರವಾಗಿ ಖಂಡಿಸಿದನು. ಕಲ್ಲಿಗೆ ಚಿನ್ನ ತೊಡಿಸಿ ಬಡವನನ್ನು ಬೆತ್ತಲೆ ಬಿಡುವುದು, ಧ್ಯಾನಕ್ಕೆ ಕುಳಿತವನ ಕಣ್ಣನ್ನು ವಿಕಾರ ಶಿಲ್ಪಗಳತ್ತ ಸೆಳೆಯುವುದು ಅವನಿಗೆ ಸಹಿಸದಾಯಿತು. ಸಾಮಾನ್ಯ ಜನರು ಬರುವ ಬಿಷಪ್ಪರ ದೇವಾಲಯಗಳಿಗೆ ಆತನು ವಿನಾಯಿತಿ ಕೊಡುತ್ತಾನೆ. ಲೋಕವನ್ನು ತೊರೆದ ಸನ್ಯಾಸಿಗಳಿಗೆ ಇದೇಕೆ ಎಂಬುದೇ ಅವನ ಪ್ರಶ್ನೆ. ಈ ಖಂಡನೆ ನಿಷ್ಠುರವಾದುದು, ಪ್ರಾಮಾಣಿಕವಾದುದು. ಆದರೆ ಅದು ಚಿನ್ನದ ಬೆಲೆಯನ್ನು ಎಣಿಸುತ್ತದೆ, ಚಿತ್ತದ ಚಾಂಚಲ್ಯವನ್ನು ಎಣಿಸುತ್ತದೆ. ಚಿತ್ರವು ಏನನ್ನು ವಾದಿಸುತ್ತದೆ ಎಂಬುದನ್ನು ವಿಚಾರಿಸುವುದಿಲ್ಲ. 1130ರಲ್ಲಿ ಪೋಪ್ ಪೀಠಕ್ಕೆ ಎರಡನೆಯ ಇನ್ನೊಸೆಂಟ್, ಎರಡನೆಯ ಅನಾಕ್ಲೀಟಸ್ ಎಂಬ ಇಬ್ಬರು ಹಕ್ಕುದಾರರಾದಾಗ ಬರ್ನಾರ್ಡ್ ತನ್ನ ವರ್ಚಸ್ಸನ್ನೆಲ್ಲ ಇನ್ನೊಸೆಂಟನ ಪರವಾಗಿ ಧಾರೆಯೆರೆದನು. ಮಧ್ಯಯುಗದ ಅತ್ಯಂತ ವಿವಾದಗ್ರಸ್ತ ರಾಜಕೀಯ ಚಿತ್ರವೊಂದನ್ನು ಬರೆಸಿದವನು ಇದೇ ಇನ್ನೊಸೆಂಟ್.

ಜರ್ಮನಿಯ ದೊರೆ ಮೂರನೆಯ ಲೋಥಾರ್ ಇನ್ನೊಸೆಂಟನಿಗೆ ಒತ್ತಾಸೆಯಾಗಿ ರೋಮಿಗೆ ಬಂದು 1133ರ ಜೂನ್ 4ರಂದು ಅವನಿಂದ ಚಕ್ರವರ್ತಿಪಟ್ಟ ಪಡೆದನು. ಸಂತ ಪೇತ್ರನ ದೇವಾಲಯ ಪ್ರತಿಸ್ಪರ್ಧಿಯ ವಶದಲ್ಲಿದ್ದುದರಿಂದ ಪಟ್ಟಾಭಿಷೇಕ ಲ್ಯಾಟರನ್ ದೇವಾಲಯದಲ್ಲಿ ನಡೆಯಿತು. ಅದೇ ತಿಂಗಳು, ಟಸ್ಕನಿಯ ದೊರೆಸಾನಿ ಮಟಿಲ್ಡಾ ಚರ್ಚಿಗೆ ಬಿಟ್ಟುಹೋಗಿದ್ದ ಭೂಮಿಯನ್ನು ವರ್ಷವರ್ಷವೂ ಬೆಳ್ಳಿಯನ್ನು ಸಲ್ಲಿಸುವ ಕರಾರಿನ ಮೇಲೆ ಪೋಪನು ಚಕ್ರವರ್ತಿಗೆ ಒಪ್ಪಿಸಿದನು. ಭೂಮಿಯ ವಿಷಯದಲ್ಲಿ ಒಂದು ಬಗೆಯ ಅಧೀನತೆ ಇದ್ದಿರಬಹುದು; ಸಾಮ್ರಾಜ್ಯದ ವಿಷಯದಲ್ಲಿ ಅಲ್ಲ. ಆದರೆ ಆಮೇಲೆ ಲ್ಯಾಟರನ್ ಅರಮನೆಯ ಗೋಡೆಯ ಮೇಲೆ ಬಂದ ಚಿತ್ರದಲ್ಲಿ ಈ ಎರಡೂ ಕಲಸಿಹೋದವು. ದೊರೆ ರೋಮಿನ ಬಾಗಿಲಲ್ಲಿ ಪ್ರಮಾಣಮಾಡುತ್ತಾನೆ, ಪೋಪನ ಆಳಾಗುತ್ತಾನೆ, ಆಮೇಲೆ ಅವನಿಂದ ಕಿರೀಟವನ್ನು ಪಡೆಯುತ್ತಾನೆ ಎಂಬ ಅರ್ಥದ ಲ್ಯಾಟಿನ್ ಪದ್ಯವೂ ಅದಕ್ಕೆ ಸೇರಿತು.

ಚಿತ್ರಭಾಷೆಯ ಒಂದು ಗುಣ ಇಲ್ಲಿ ಗಮನಾರ್ಹ. ಕರಾರುಪತ್ರದಲ್ಲಿ ಯಾವ ಭೂಮಿ, ಎಷ್ಟು ಕಾಲ, ಏನು ಷರತ್ತು ಎಂದು ಬರೆಯಬಹುದು. ಚಿತ್ರದಲ್ಲಿ ಬಾಗಿದವನು ಬಾಗಿದನು, ಅಷ್ಟೇ. 'ಇಂಥ ವಿಷಯಕ್ಕೆ ಮಾತ್ರ' ಎಂಬ ವಿಶೇಷಣಕ್ಕೆ ರೇಖೆಯಲ್ಲಿ ಸ್ಥಾನವಿಲ್ಲ. ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಚಿತ್ರವನ್ನು ಗೋಡೆಗೆ ಬರೆಸಿದವರಿಗೆ ಈ ವ್ಯತ್ಯಾಸ ತಿಳಿದಿರಲಿಲ್ಲವೆಂದು ನಂಬುವುದು ಕಷ್ಟ.

1155ರಲ್ಲಿ ಫ್ರೆಡರಿಕ್ ಬಾರ್ಬರೋಸಾ ಪಟ್ಟಾಭಿಷೇಕಕ್ಕಾಗಿ ಇಟಲಿಗೆ ಬಂದಾಗ ಈ ಚಿತ್ರದ ವಿಚಾರ ಅವನನ್ನು ಕೆರಳಿಸಿತು. ರೋಮಿನ ಹಾದಿಯ ಸೂತ್ರಿಯಲ್ಲಿ ಪೋಪ್ ನಾಲ್ಕನೆಯ ಏಡ್ರಿಯನ್ ಎದುರಾದಾಗ, ಕುದುರೆಯ ಕಡಿವಾಣ ಹಿಡಿದು ಪೋಪನನ್ನು ನಡೆಸಿಕೊಂಡು ಹೋಗುವ ಸೇವೆಯನ್ನು ದೊರೆ ಮಾಡಲಿಲ್ಲ. ಹಿಂದಿನ ದೊರೆಗಳು ಮಾಡಿದ್ದುಂಟೆಂದು ತೋರಿಸಿಕೊಟ್ಟ ಮೇಲಷ್ಟೇ ಮಣಿದನು. ಗೋಡೆಯ ಚಿತ್ರವನ್ನು ತೆಗೆಸಬೇಕೆಂದು ಅವನು ಕೇಳಿದನು. ತೆಗೆಸುವುದಾಗಿ ಪೋಪನು ಮಾತು ಕೊಟ್ಟನು. ಎರಡು ವರ್ಷಗಳ ಮೇಲೆ, 1157ರ ಅಕ್ಟೋಬರಿನಲ್ಲಿ, ಬೆಸಾನ್ಸೋನ್ ನಗರದ ರಾಜಸಭೆಯಲ್ಲಿ ಪೋಪನ ಪತ್ರವೊಂದನ್ನು ಓದಲಾಯಿತು. ಚಕ್ರವರ್ತಿಗೆ ತಾನು ಮಾಡಿದ 'ಬೆನೆಫಿಕಿಯುಮ್' ಎಂಬ ಪದ ಅದರಲ್ಲಿತ್ತು. ಆ ಪದಕ್ಕೆ ಉಪಕಾರವೆಂದೂ ಅರ್ಥ, ಉಂಬಳಿಯೆಂದೂ ಅರ್ಥ. ಭಾಷಾಂತರಿಸಿ ಹೇಳಿದ ರಾಜಮಂತ್ರಿ ರೈನಾಲ್ಡ್ ಎರಡನೆಯ ಅರ್ಥವನ್ನು ಹಿಡಿದನು. ಸಭೆಯಲ್ಲಿ ಕೋಲಾಹಲವೆದ್ದಿತು, ಸಾಮಂತನೊಬ್ಬನು ಪೋಪನ ರಾಯಭಾರಿಯ ಮೇಲೆ ಕತ್ತಿ ಹಿರಿದನು. ಆ ರಾಯಭಾರಿಯೇ ಮುಂದೆ ಮೂರನೆಯ ಅಲೆಗ್ಸಾಂಡರ್ ಎಂಬ ಹೆಸರಿನಿಂದ ಪೋಪನಾದ ಕಾರ್ಡಿನಲ್ ರೋಲಂಡ್.

ಒಂದು ಪದಕ್ಕೆ ಇಷ್ಟು ರೋಷವೇಕೆ ಎನ್ನಿಸಬಹುದು. ಗೋಡೆಯ ಮೇಲಿನ ಚಿತ್ರ ಆ ಪದಕ್ಕೆ ಆಗಲೇ ವ್ಯಾಖ್ಯಾನ ಬರೆದಿಟ್ಟಿತ್ತೆಂಬುದೇ ಇದಕ್ಕೆ ಉತ್ತರ. ಈ ವಿವಾದದಲ್ಲಿ ಚಕ್ರವರ್ತಿಯ ಪಕ್ಷದವರು ಕೊಟ್ಟ ಪ್ರತ್ಯುತ್ತರವು ಚರಿತ್ರಕಾರ ರಾಹೆವಿನ್ನನ ಗ್ರಂಥದಲ್ಲಿ ಉಳಿದುಬಂದಿದೆ. ಮೊದಲು ಚಿತ್ರ ಬಂತು, ಚಿತ್ರದಿಂದ ಬರಹಕ್ಕೆ ದಾಟಿತು, ಈಗ ಆ ಬರಹ ಪ್ರಮಾಣವಾಗಿ ನಿಲ್ಲಲು ಹವಣಿಸುತ್ತಿದೆ ಎಂಬುದು ಅದರ ದೂರು. ಕಲೆ ಅಧಿಕಾರವಾಗುವ ಮೂರು ಮೆಟ್ಟಿಲುಗಳನ್ನು ಹೀಗೆ ಗುರುತಿಸಿದವರು ಕಲಾಮೀಮಾಂಸಕರಲ್ಲ, ಆಸ್ಥಾನದ ಜನ. ಹಲವು ಶತಮಾನಗಳ ಕಲಾವಿಮರ್ಶೆಗಿಂತ ಅವರ ದೃಷ್ಟಿ ಚುರುಕಾಗಿತ್ತು. 1158ರಲ್ಲಿ ಏಡ್ರಿಯನ್ ತನ್ನ ಪದಕ್ಕೆ ಉಪಕಾರವೆಂದಷ್ಟೇ ಅರ್ಥವೆಂದು ಸಮಜಾಯಿಷಿ ನೀಡಿದನು. ಹದಿನಾರನೆಯ ಶತಮಾನದ ಕೊನೆಯಲ್ಲಿ ಪೋಪ್ ಐದನೆಯ ಸಿಕ್ಸ್ಟಸ್ ಆ ಹಳೆಯ ಅರಮನೆಯನ್ನೇ ಕೆಡವಿಸಿದುದರಿಂದ ಆ ಚಿತ್ರವಿದ್ದ ಗೋಡೆ ಈಗ ಇಲ್ಲ.

ಇನ್ನೊಸೆಂಟನ ಇನ್ನೊಬ್ಬ ವೈರಿ ಸಿಸಿಲಿಯ ನಾರ್ಮನ್ ದೊರೆ ಎರಡನೆಯ ರೋಜರ್. ಅವನ ರಾಜತ್ವಕ್ಕೆ ಒಪ್ಪಿಗೆ ನೀಡಿದವನು ಪ್ರತಿಪೋಪ್ ಅನಾಕ್ಲೀಟಸ್. 1130ರ ಕ್ರಿಸ್ಮಸ್ ದಿನ ಪಲೆರ್ಮೋದಲ್ಲಿ ಪಟ್ಟವಾಯಿತು. 1139ರಲ್ಲಿ ಯುದ್ಧಕ್ಕೆ ಬಂದ ಇನ್ನೊಸೆಂಟನನ್ನು ರೋಜರನ ಕಡೆಯವರು ಸೆರೆಹಿಡಿದರು. ಸೆರೆಯಲ್ಲಿದ್ದ ಪೋಪ್ ಅದೇ ಜುಲೈನಲ್ಲಿ ಅವನ ರಾಜತ್ವವನ್ನು ಮಾನ್ಯಮಾಡಿದನು. ಹೀಗೆ ಪೋಪನ ಮಾನ್ಯತೆಯ ಬೆಲೆ ಏನೆಂದು ಚೆನ್ನಾಗಿ ಬಲ್ಲ ಈ ದೊರೆಯ ಆಸ್ಥಾನದಲ್ಲಿ ಹುಟ್ಟಿದ ಚಿತ್ರದಲ್ಲಿ ಪೋಪನೇ ಇಲ್ಲ. ಅವನ ನೌಕಾಧಿಪತಿ, ಅಂಟಿಯೋಕ್ಯದ ಜಾರ್ಜ್ ಎಂಬ ಗ್ರೀಕ್ ಕ್ರೈಸ್ತ, 1140ರ ದಶಕದಲ್ಲಿ ಪಲೆರ್ಮೋದಲ್ಲಿ ಕಟ್ಟಿಸಿದ ಮಾರ್ತೊರಾನಾ ದೇವಾಲಯದಲ್ಲಿ, ಚಿನ್ನದ ಹಿನ್ನೆಲೆಯ ಮೇಲೆ ಕ್ರಿಸ್ತನೇ ನೇರವಾಗಿ ರೋಜರನ ತಲೆಗೆ ಕಿರೀಟವಿಡುತ್ತಾನೆ. ದೊರೆಯ ಉಡುಪು ಬೈಜಾಂಟಿಯಮ್ಮಿನ ಚಕ್ರವರ್ತಿಯದು. ತಲೆಯ ಬಳಿ ಗ್ರೀಕ್ ಲಿಪಿಯಲ್ಲಿ 'ರೊಗೆರಿಯೊಸ್ ರೆಕ್ಸ್' ಎಂದಿದೆ. ಲಿಪಿ ಗ್ರೀಕರದು, 'ರಾಜ' ಎಂಬ ಪದ ಲ್ಯಾಟಿನ್ನಿನದು.

ಕಲೆಯಾಗಿ ಇದು ಉಜ್ವಲ ಕೃತಿ. ಅದರಲ್ಲಿ ಬಳುಕುವ ಗೆರೆಯಿಲ್ಲ, ಅನಾವಶ್ಯಕ ಅಲಂಕಾರವಿಲ್ಲ. ಎರಡು ನಿಲುವುಗಳು, ಒಂದು ಬಾಗು, ಒಂದು ಕೈ. ಆದರೆ ದಿಟ್ಟಿಸಿ ನೋಡಿದವರಿಗೆ ಒಂದು ವಿಷಯ ಹೊಳೆಯದಿರದು: ದೊರೆಯ ಮುಖ ಕ್ರಿಸ್ತನ ಮುಖದ ಪ್ರತಿರೂಪದಂತಿದೆ. ಅದೇ ಗಡ್ಡ, ಅದೇ ನೀಳಗೂದಲು, ಅದೇ ಉದ್ದನೆಯ ಮೂಗು. ಭಕ್ತನು ಭಗವಂತನನ್ನು ಹೋಲುವುದು ಸಾಧನೆಯ ಫಲವೆಂದು ಎಲ್ಲ ಮತಗಳೂ ಹೇಳುತ್ತವೆ; ಇಲ್ಲಿ ಆ ಹೋಲಿಕೆ ಪಟ್ಟದೊಡನೆ ಉಚಿತವಾಗಿ ಬಂದಿದೆ. ಅದೇ ದೇವಾಲಯದಲ್ಲಿ ಜಾರ್ಜ್ ತನ್ನನ್ನು ಚಿತ್ರಿಸಿಕೊಂಡಿರುವ ರೀತಿಯೇ ಬೇರೆ. ಅವನು ಮರಿಯಾಮಾತೆಯ ಪಾದದಡಿ ಅಡ್ಡಬಿದ್ದಿದ್ದಾನೆ. ಕಾಲಾನಂತರದ ದುರಸ್ತಿಯಿಂದ ಅವನ ಮೈ ಆಮೆಯ ಚಿಪ್ಪಿನಂತೆ ಕಾಣುತ್ತದೆ. ನೋಡಿದವರಿಗೆ ನಗೆ ಬರುವುದೂ ಉಂಟು. ಆದರೂ ಎರಡು ಚಿತ್ರಗಳಲ್ಲಿ ಪ್ರಾರ್ಥನೆ ಇರುವುದು ಈ ಎರಡನೆಯದರಲ್ಲಿಯೇ.

ದೊರೆಗೆ ಕ್ರಿಸ್ತನೇ ಪಟ್ಟಗಟ್ಟಿದನೆಂಬ ಈ ವಾದಕ್ಕೆ ಪೋಪರ ಪಕ್ಷದ ಅತ್ಯಂತ ವಿಸ್ತಾರವಾದ ಚಿತ್ರೋತ್ತರ ದೊರೆಯುವುದು ಒಂದು ಶತಮಾನದ ಅನಂತರ. ರೋಮಿನ ಚೇಲಿಯನ್ ಗುಡ್ಡದ ಮೇಲೆ 'ನಾಲ್ವರು ಕಿರೀಟಧಾರಿ ಸಂತರ' ಹೆಸರಿನ ಕೋಟೆಯಂಥ ದೇವಾಲಯವಿದೆ. ಅದರ ಆವರಣದ ಸಂತ ಸಿಲ್ವೆಸ್ಟರನ ಪುಟ್ಟ ಪ್ರಾರ್ಥನಾಗೃಹದ ಶಿಲಾಲೇಖ 1246ನೆಯ ವರ್ಷವನ್ನು ಹೇಳುತ್ತದೆ. ಆ ವರ್ಷದ ಮಹತ್ವ ಸ್ಪಷ್ಟ. ಚಕ್ರವರ್ತಿ ಎರಡನೆಯ ಫ್ರೆಡರಿಕ್‌ನಿಗೆ ಹೆದರಿ ಪೋಪ್ ನಾಲ್ಕನೆಯ ಇನ್ನೊಸೆಂಟ್ 1244ರಲ್ಲಿ ಲಿಯಾನ್ ನಗರಕ್ಕೆ ಓಡಿದ್ದನು. 1245ರ ಜುಲೈ 17ರಂದು ಅಲ್ಲಿನ ಮಹಾಸಭೆಯಲ್ಲಿ ಚಕ್ರವರ್ತಿಯನ್ನು ಪದಚ್ಯುತನೆಂದು ಘೋಷಿಸಿದನು. ರೋಮಿನಲ್ಲಿ ಅವನ ಪ್ರತಿನಿಧಿಯಾಗಿದ್ದವನು ಕಾರ್ಡಿನಲ್ ಸ್ಟೆಫಾನೊ ಕೊಂಟಿ. ಚಿತ್ರಗಳನ್ನು ಬರೆಸಿದವನು ಅವನೇ.

ಕಥೆ ಹೀಗಿದೆ. ಕಾನ್‌ಸ್ಟಂಟೈನ್ ಚಕ್ರವರ್ತಿಗೆ ಕುಷ್ಠ ತಗುಲುತ್ತದೆ. ಶಿಶುಗಳ ರಕ್ತದಲ್ಲಿ ಮಿಂದರೆ ವಾಸಿಯಾಗುವುದೆಂದು ಅನ್ಯದೇವತೆಗಳ ಪುರೋಹಿತರು ಹೇಳುತ್ತಾರೆ. ತಾಯಂದಿರ ಗೋಳಾಟವನ್ನು ಕೇಳಿ ಚಕ್ರವರ್ತಿಯ ಮನ ಕರಗುತ್ತದೆ. ಮಕ್ಕಳನ್ನು ಹಿಂದಕ್ಕೆ ಕಳುಹಿಸುತ್ತಾನೆ. ಆ ರಾತ್ರಿ ಪೇತ್ರ ಮತ್ತು ಪೌಲರು ಕನಸಿನಲ್ಲಿ ಬಂದು, ಸೊರಾಕ್ಟೆ ಬೆಟ್ಟದಲ್ಲಿ ಅಡಗಿರುವ ಪೋಪ್ ಸಿಲ್ವೆಸ್ಟರನನ್ನು ಕರೆಸೆನ್ನುತ್ತಾರೆ. ಸಿಲ್ವೆಸ್ಟರ್ ಬಂದು ಅವರಿಬ್ಬರ ಚಿತ್ರಪಟವನ್ನು ತೋರಿಸಿದಾಗ ಚಕ್ರವರ್ತಿ ಕನಸಿನ ಮುಖಗಳನ್ನು ಗುರುತಿಸುತ್ತಾನೆ. ದೀಕ್ಷಾಸ್ನಾನದಿಂದ ಕುಷ್ಠ ಮಾಯವಾಗುತ್ತದೆ. ಕೃತಜ್ಞನಾದ ಚಕ್ರವರ್ತಿ ಪೋಪನಿಗೆ ಶಿರೋಭೂಷಣವನ್ನು ಸಮರ್ಪಿಸಿ, ತಾನು ಕಾಲುನಡಿಗೆಯಲ್ಲಿ ಅವನ ಕುದುರೆಯ ಕಡಿವಾಣ ಹಿಡಿದು ನಡೆಯುತ್ತಾನೆ.

ಇತಿಹಾಸದಲ್ಲಿ ನಡೆದುದೇ ಬೇರೆ. ಕಾನ್‌ಸ್ಟಂಟೈನ್ ದೀಕ್ಷಾಸ್ನಾನ ಪಡೆದದ್ದು 337ರಲ್ಲಿ, ಮರಣಶಯ್ಯೆಯಲ್ಲಿ, ರೋಮಿನಿಂದ ಬಹುದೂರದ ನಿಕೊಮೀಡಿಯಾದ ಬಳಿ, ಅಲ್ಲಿನ ಬಿಷಪ್ ಯುಸೀಬಿಯಸ್‌ನಿಂದ. ಸಿಲ್ವೆಸ್ಟರ್ 335ರಲ್ಲಿಯೇ ತೀರಿಕೊಂಡಿದ್ದನು. ಈ ದಂತಕಥೆಯನ್ನಾಧರಿಸಿ ಎಂಟನೆಯ ಶತಮಾನದ ಸುಮಾರಿಗೆ ಸೃಷ್ಟಿಯಾದ 'ಕಾನ್‌ಸ್ಟಂಟೈನನ ದಾನಪತ್ರ'ವು ರೋಮ್ ನಗರವನ್ನೂ ಪಶ್ಚಿಮದ ಪ್ರಾಂತಗಳನ್ನೂ ಚಕ್ರವರ್ತಿಯು ಪೋಪನಿಗೆ ಬಿಟ್ಟುಕೊಟ್ಟನೆಂದು ಸಾರುತ್ತದೆ. ಕನ್ನಡ ನಾಡಿನ ಶಾಸನತಜ್ಞರು ಯಾವುದನ್ನು ಕೂಟಶಾಸನವೆನ್ನುತ್ತಾರೋ ಅದೇ ಜಾತಿಯ ಪತ್ರ.

ಇದರಿಂದ ಚಿತ್ರ ಬರೆಸಿದವನು ತಿಳಿದೂ ತಿಳಿದೂ ಸುಳ್ಳನ್ನು ಬರೆಸಿದನೆಂದು ತೀರ್ಮಾನಿಸಲಾಗದು. ಹದಿಮೂರನೆಯ ಶತಮಾನದಲ್ಲಿ ಆ ಕಥೆಯನ್ನು ನಂಬದವರು ವಿರಳ. ಅದನ್ನು ಬಣ್ಣದಲ್ಲಿ ಬಿಡಿಸಿದ ಕಲಾವಿದನಂತೂ ನಂಬಿಯೇ ಬಿಡಿಸಿರಬೇಕು. ಆಕ್ಷೇಪಣೆ ಇರುವುದು ಕಥೆಯನ್ನು ಹೊಂದಿಸಿದ ಬಗೆಯಲ್ಲಿ. ಬಾಗಿಲಗೋಡೆಯ ಮೇಲ್ಭಾಗದಲ್ಲಿ ಅಂತಿಮ ತೀರ್ಪು: ಕ್ರಿಸ್ತನು ಸಿಂಹಾಸನದಲ್ಲಿದ್ದಾನೆ, ದೇವದೂತನೊಬ್ಬನು ನಕ್ಷತ್ರಖಚಿತವಾದ ಆಕಾಶವನ್ನು ಓಲೆಯ ಸುರುಳಿಯಂತೆ ಸುತ್ತುತ್ತಿದ್ದಾನೆ. ಇದು ನಿಜವಾದ ಕಾವ್ಯಪ್ರತಿಭೆಯ ಕಲ್ಪನೆ. ಅದರ ಕೆಳಗಿನಿಂದ ಕಾನ್‌ಸ್ಟಂಟೈನನ ಕಥೆ ಆರಂಭವಾಗುತ್ತದೆ. ಕಡಿವಾಣ ಹಿಡಿದು ನಡೆಯುವ ಚಕ್ರವರ್ತಿಯೂ ಆಕಾಶವನ್ನು ಸುತ್ತಿಡುವ ದೇವದೂತನೂ ಒಂದೇ ಕೋಣೆಯಲ್ಲಿ, ಒಂದೇ ಶೈಲಿಯಲ್ಲಿ, ಒಂದೇ ಬಣ್ಣಗಳಲ್ಲಿ ಇರುವುದರಿಂದ ಎರಡಕ್ಕೂ ಸಮಾನವಾದ ಪ್ರಾಮಾಣ್ಯ ಒದಗುತ್ತದೆ. ಒಂದನ್ನು ಒಪ್ಪಿ ಇನ್ನೊಂದನ್ನು ಬಿಡಲು ನೋಡುವವನಿಗೆ ಅವಕಾಶವಿಲ್ಲ. ಬಾರ್ಬರೋಸಾ ಸೂತ್ರಿಯಲ್ಲಿ ಯಾವ ಸೇವೆಗೆ ಹಿಂದೆಗೆದನೋ ಅದೇ ಸೇವೆ ಇಲ್ಲಿ ಪುರಾಣದ ಅಂಗವಾಗಿಬಿಟ್ಟಿದೆ.

ಈ ಚಿತ್ರಮಾಲೆಯಲ್ಲಿ ಹೃದಯವನ್ನು ಮುಟ್ಟುವುದು ಮೊದಲನೆಯ ಫಲಕ. ಮೈಯೆಲ್ಲ ಕಲೆಗಳಿಂದ ತುಂಬಿದ ದೊರೆ, ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರು. ಕಥೆಯ ನಿಜವಾದ ತಿರುವು ಇಲ್ಲಿಯೇ ಇದೆ. ತನ್ನ ಮೈ ಕೊಳೆತರೂ ಸರಿ, ಎಳೆಯ ಮಕ್ಕಳ ಕತ್ತು ಕೊಯ್ಯಲೊಲ್ಲೆನೆಂದವನು ಆಗ ಇನ್ನೂ ದೀಕ್ಷೆ ಹೊಂದದ ಮನುಷ್ಯ. ಯಾವ ಗುರುವಿನ ಬೋಧೆಯೂ ಇಲ್ಲದೆ ಆ ದಯೆ ಅವನಲ್ಲಿ ಹುಟ್ಟಿತು. ಸಂತರ ದರ್ಶನ ಆ ದಯೆಯ ಬೆನ್ನಿಗೇ ಬರುತ್ತದೆ. ಆದರೆ ಮಾಲೆಯ ಗತಿ ಇಲ್ಲಿ ನಿಲ್ಲದೆ, ರೋಗ, ಚಿಕಿತ್ಸೆ, ಅದಕ್ಕೆ ತೆತ್ತ ಶುಲ್ಕ ಎಂಬ ಲೆಕ್ಕಾಚಾರದಲ್ಲಿ ಮುಂದೆ ಸಾಗುತ್ತದೆ. ತಾಯಂದಿರು ಮರೆಯಾಗಿ ಕುದುರೆ ಮುನ್ನೆಲೆಗೆ ಬರುತ್ತದೆ. ಭಕ್ತಿಕಥೆಯನ್ನು ವ್ಯಾಜ್ಯದ ಸಾಕ್ಷಿಯಾಗಿ ಬಳಸಿದುದರ ನಷ್ಟವೇನೆಂಬುದು ಈ ಒಂದು ಸ್ಥಾನಪಲ್ಲಟದಲ್ಲಿ ಕಾಣುತ್ತದೆ. ನಷ್ಟವಾದುದು ಚಕ್ರವರ್ತಿಗಲ್ಲ, ಕಥೆಗೆ.

1440ರಲ್ಲಿ ಲೊರೆಂಜೊ ವಲ್ಲಾ ಎಂಬ ವಿದ್ವಾಂಸನು ದಾನಪತ್ರದ ಲ್ಯಾಟಿನ್ ಭಾಷೆಯನ್ನೇ ಪರೀಕ್ಷಿಸಿ, ಕಾನ್‌ಸ್ಟಂಟೈನನ ಕಾಲಕ್ಕೆ ಹೊಂದದ ಶಬ್ದಪ್ರಯೋಗಗಳನ್ನು ಎತ್ತಿ ತೋರಿಸಿ, ಅದು ಕೃತಕವೆಂದು ಸಿದ್ಧಪಡಿಸಿದನು. ಅವನ ಆಶ್ರಯದಾತನಾದ ಅರಗಾನಿನ ಅಲ್ಫಾನ್ಸೊ ಆಗ ನೇಪಲ್ಸ್ ರಾಜ್ಯಕ್ಕಾಗಿ ಪೋಪನೊಡನೆ ಜಗಳದಲ್ಲಿದ್ದನೆಂಬುದನ್ನೂ ಮರೆಯುವಂತಿಲ್ಲ. ಪಾಂಡಿತ್ಯವೂ ತನ್ನ ಧಣಿಯ ಕೆಲಸವನ್ನು ಮಾಡಿಕೊಡಬಲ್ಲದು. ಆದರೂ ಅವನ ವಾದ ಧಣಿಯನ್ನು ಮೀರಿ ನಿಂತಿತು. ಬರಹದ ಸುಳ್ಳನ್ನು ಬರಹದಿಂದ ಹಿಡಿಯಬಹುದು, ಏಕೆಂದರೆ ಶಬ್ದಗಳಿಗೆ ಕಾಲವಿದೆ. ಚಿತ್ರದೊಡನೆ ಹೀಗೆ ವಾದಿಸುವ ವಿದ್ಯೆ ಆಗಿನ್ನೂ ಹುಟ್ಟಿರಲಿಲ್ಲ.

ಆದುದರಿಂದಲೇ ಇರಬೇಕು, ಪತ್ರ ಬಿದ್ದ ಮೇಲೂ ಚಿತ್ರ ಬೀಳಲಿಲ್ಲ. ವಲ್ಲಾನ ಗ್ರಂಥ ಹೊರಬಂದ ಎಂಬತ್ತಕ್ಕೂ ಹೆಚ್ಚು ವರ್ಷಗಳ ಅನಂತರ, ಪೋಪರ ವ್ಯಾಟಿಕನ್ ಅರಮನೆಯಲ್ಲಿ 'ಕಾನ್‌ಸ್ಟಂಟೈನನ ಸಭಾಂಗಣ'ವು 1524ರಲ್ಲಿ ಪೂರ್ಣವಾಯಿತು. ರಾಫೆಲ್ ಆರಂಭಿಸಿದ ಕೆಲಸವನ್ನು ಅವನ ಮರಣಾನಂತರ ಶಿಷ್ಯರಾದ ಜೂಲಿಯೊ ರೊಮಾನೊ ಮತ್ತು ಪೆನ್ನಿ ಮುಗಿಸಿದರು. ದೀಕ್ಷಾಸ್ನಾನದ ಚಿತ್ರದಲ್ಲಿ ಸಿಲ್ವೆಸ್ಟರನಿಗೆ ಆಗ ಆಳುತ್ತಿದ್ದ ಪೋಪ್ ಏಳನೆಯ ಕ್ಲೆಮೆಂಟನ ಮುಖವನ್ನು ಕೊಡಲಾಗಿದೆ. ಸಭಾಂಗಣದ ನಾಲ್ಕು ಮಹಾಚಿತ್ರಗಳು ಇವು: ಆಕಾಶದಲ್ಲಿ ಶಿಲುಬೆಯ ದರ್ಶನ, ಮಿಲ್ವಿಯನ್ ಸೇತುವೆಯ ಯುದ್ಧ, ದೀಕ್ಷಾಸ್ನಾನ, ದಾನ. ವರ್ಣಕೌಶಲದಲ್ಲಿ, ಅಂಗವಿನ್ಯಾಸದಲ್ಲಿ, ಜನಸಂದಣಿಯ ನಿರ್ವಹಣೆಯಲ್ಲಿ ಚೇಲಿಯನ್ ಗುಡ್ಡದ ಅನಾಮಿಕ ಚಿತ್ರಕಾರನಿಗೆ ಇವುಗಳ ಮುಂದೆ ನಿಲ್ಲುವ ಶಕ್ತಿಯಿಲ್ಲ. ಆದರೆ ಮಕ್ಕಳನ್ನು ಎತ್ತಿಕೊಂಡು ಬಂದ ತಾಯಂದಿರಿಗೆ ಆ ನಾಲ್ಕು ಮಹಾಚಿತ್ರಗಳಲ್ಲಿ ಒಂದೂ ಮೀಸಲಾಗಿಲ್ಲ.